ಸಿಬಿಎಂಸಿ ‘ಯಶಸ್ವಿ’ ಎಂದರೆ ಪ್ರೋಗ್ರಾಂ ಸರಿಯಾಗಿದೆ ಎಂದು ನಂಬಬಹುದೇ?

ಪ್ರಶ್ನೆ: ಶಿರಸಿಯಿಂದ

ಎಲ್ಲರಿಗೂ ನಮಸ್ಕಾರ. ಅಡಿಕೆ ಟೆಂಡರ್ ಮುಗಿದ ಮೇಲೆ ಬೆಳೆಗಾರರಿಗೆ ಸಲ್ಲಬೇಕಾದ ಹಣವನ್ನು ಲೆಕ್ಕ ಹಾಕುವ ಸಣ್ಣದೊಂದು ಪ್ರೋಗ್ರಾಂ ಅನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. ಅದು ಕಿಲೋ ಲೆಕ್ಕದ ತೂಕವನ್ನು ಕ್ವಿಂಟಾಲ್ ದರದ ಪೈಸೆಯಿಂದ ಗುಣಿಸಿ, ನೂರರಿಂದ ಭಾಗಿಸುತ್ತದೆ. ನಾಲ್ಕು ಕ್ವಿಂಟಾಲ್ ಒಳಗಿನ ಹತ್ತಾರು ಲಾಟುಗಳನ್ನು ಕೊಟ್ಟು ನೋಡಿದಾಗ ಒಂದು ಪೈಸೆಯೂ ತಪ್ಪಿರಲಿಲ್ಲ. ಆದರೆ ಸಿಬಿಎಂಸಿ ಎಂಬ ಮಾಡೆಲ್ ಚೆಕರ್‌ಗೆ (ಪ್ರೋಗ್ರಾಂ ಎಲ್ಲಾದರೂ ತಪ್ಪಬಹುದೇ ಎಂದು ತರ್ಕದಿಂದ ಪರಿಶೀಲಿಸುವ ಸಾಧನ) ಕೊಟ್ಟ ಕೂಡಲೇ ಗುಣಾಕಾರದಲ್ಲಿ ಓವರ್‌ಫ್ಲೋ, ಅಂದರೆ ಮೀಸಲಿಟ್ಟ ಬಿಟ್‌ಗಳಲ್ಲಿ ಹಿಡಿಸದಷ್ಟು ದೊಡ್ಡ ಉತ್ತರ, ಇದೆಯೆಂದು ಅದು ತೋರಿಸಿತು. ಕಾಗದದ ಮೇಲೆ ಲೆಕ್ಕ ಹಾಕಿದೆ: ದರ 45,000 ರೂಪಾಯಿ ಇದ್ದರೆ 477 ಕಿಲೋವರೆಗೆ ಉತ್ತರ ಸರಿ, 478 ಆದೊಡನೆ ಗುಣಲಬ್ಧವು 32 ಬಿಟ್‌ನ ಮಿತಿಯಾದ 2,14,74,83,647 ಅನ್ನು ದಾಟಿ, 2,15,100 ರೂಪಾಯಿ ಸಿಗಬೇಕಾದ ಬೆಳೆಗಾರರ ಹೆಸರಿನಲ್ಲಿ ಋಣ 2,14,396 ರೂಪಾಯಿ ಮೂಡುತ್ತದೆ.

ಅದನ್ನು 64 ಬಿಟ್‌ಗೆ ಬದಲಿಸಿದೆ. ಬಳಿಕ ದಿನದ ಎಲ್ಲ ಲಾಟುಗಳನ್ನು ಕೂಡಿಸುವ ಲೂಪ್ ಅನ್ನು ಅನ್‌ವೈಂಡ್ ಮಿತಿ (ಲೂಪ್‌ನ ಎಷ್ಟು ಸುತ್ತುಗಳನ್ನು ಬಿಚ್ಚಿ ನೋಡಬೇಕೆಂಬ ಸಂಖ್ಯೆ) 10 ಎಂದು ಕೊಟ್ಟು ಪರಿಶೀಲಿಸಿದಾಗ ‘ಯಶಸ್ವಿ’ ಎಂದು ಬಂತು. ಪ್ರೋಗ್ರಾಂ ಅನ್ನು ಓಡಿಸದೆಯೇ ಇದು ದೋಷವನ್ನು ಹೇಗೆ ಹಿಡಿಯುತ್ತದೆ? ಈ ‘ಯಶಸ್ವಿ’ಯನ್ನು ಸಾಧನೆ ಎಂದು, ಅಂದರೆ ಗಣಿತದ ಅರ್ಥದಲ್ಲಿ ಪುರಾವೆ ಎಂದು ತಿಳಿಯಬಹುದೇ?

ಉತ್ತರ 1: ಕಾರವಾರದಿಂದ

ಮೊದಲ ಪ್ರಶ್ನೆಗೆ: ತೂಕ, ದರ ಎರಡೂ 32 ಬಿಟ್ ಆಗಿದ್ದರೆ ಅವುಗಳ ಜೋಡಿಗಳು 2ರ 64ನೇ ಘಾತದಷ್ಟಿರುತ್ತವೆ. ಸೆಕೆಂಡಿಗೆ ನೂರು ಕೋಟಿ ಜೋಡಿಗಳಂತೆ ಪರೀಕ್ಷಿಸಿದರೂ 580 ವರ್ಷಕ್ಕೂ ಹೆಚ್ಚು ಕಾಲ ಬೇಕು. ಸಿಬಿಎಂಸಿ ಬಳಸುವ ಸಾಂಕೇತಿಕ ವಿಧಾನವು ಒಂದೊಂದು ಬೆಲೆಯನ್ನೂ ಎತ್ತಿಕೊಳ್ಳುವುದಿಲ್ಲ. ಪ್ರತಿಯೊಂದು ಬಿಟ್ಟನ್ನೂ ಚರಾಕ್ಷರವಾಗಿ ಇಟ್ಟುಕೊಂಡು ಇಡೀ ಪ್ರೋಗ್ರಾಂ ಅನ್ನು ಒಂದು ದೊಡ್ಡ ತಾರ್ಕಿಕ ಸೂತ್ರವಾಗಿ ಬರೆದು, ನಿಯಮ ಮುರಿಯುವಂತೆ ಈ ಸೂತ್ರವನ್ನು ನಿಜವಾಗಿಸುವ ಬೆಲೆಗಳಿವೆಯೇ ಎಂದು ಸ್ಯಾಟ್ ಸಾಲ್ವರ್ ಅನ್ನು (ಅಂಥ ಬೆಲೆಗಳನ್ನು ಹುಡುಕುವ ಪ್ರೋಗ್ರಾಂ) ಕೇಳುತ್ತದೆ. ಇದ್ದರೆ ಆ ಬೆಲೆಗಳೇ ನಿಮಗೆ ಸಿಕ್ಕ ಪ್ರತ್ಯುದಾಹರಣೆ.

ಎರಡನೆಯದಕ್ಕೆ: ಈಗಿರುವಂತೆ ಅದು ಪುರಾವೆಯಲ್ಲ. ಲೂಪ್ ಅನ್ನು ಹತ್ತು ಸಲ ಬಿಚ್ಚಿ ಬರೆದ ರೂಪವನ್ನಷ್ಟೇ ಅದು ನೋಡಿದೆ. ಹನ್ನೊಂದನೆಯ ಲಾಟಿನ ಬಗ್ಗೆ ಏನನ್ನೂ ಹೇಳಿಲ್ಲ. 1999ರಲ್ಲಿ ಬಿಯರೆ, ಚಿಮಾಟಿ, ಕ್ಲಾರ್ಕ್ ಮತ್ತು ಝು ಮುಂದಿಟ್ಟ, ಸಿಬಿಎಂಸಿಯೂ ಅನುಸರಿಸುವ ಪರಿಮಿತ ಮಾದರಿ ಪರಿಶೀಲನೆಯ ಬಲವೂ ಮಿತಿಯೂ ಇದೇ. ಅನ್‌ವೈಂಡಿಂಗ್ ಅಸರ್ಷನ್ ಆಯ್ಕೆಯನ್ನು ಜೊತೆಗೆ ಕೊಡಿ (ಅಸರ್ಷನ್ ಎಂದರೆ ನಿಜವಾಗಿರಲೇಬೇಕೆಂದು ಪರೀಕ್ಷಿಸುವ ಹೇಳಿಕೆ). ಲೂಪ್ ಅಷ್ಟು ಸುತ್ತಿನಲ್ಲಿ ಮುಗಿಯದಿದ್ದರೆ ಅದು ವಿಫಲವೆಂದು ಹೇಳುತ್ತದೆ. ಆ ಪರೀಕ್ಷೆಯೂ ದಾಟಿದರೆ, ನೀವು ಬರೆದ ಷರತ್ತುಗಳ ಮಟ್ಟಿಗೆ ಅದು ನಿಜವಾಗಿಯೂ ಪುರಾವೆ. ಲೂಪ್‌ಗೆ ಮೇಲ್ಮಿತಿಯೇ ಇಲ್ಲದಿದ್ದರೆ ಪ್ರತಿ ಸುತ್ತಿನ ನಂತರವೂ ಉಳಿಯುವ ಸ್ಥಿರ ಸಂಬಂಧವೊಂದನ್ನು ಕಂಡುಕೊಂಡು ಗಣಿತಾನುಮಾನದಿಂದ ಸಾಧಿಸಬೇಕಾಗುತ್ತದೆ. ಉದಾಹರಣೆಗೆ, ಮೊತ್ತವು ಲಾಟುಗಳ ಸಂಖ್ಯೆ ಮತ್ತು ಗರಿಷ್ಠ ಮೊಬಲಗಿನ ಗುಣಲಬ್ಧವನ್ನು ಮೀರದು ಎಂಬುದು.

ಉತ್ತರ 2: ಕುಮಟಾದಿಂದ

ಮೇಲಿನವರು ‘ನೀವು ಬರೆದ ಷರತ್ತುಗಳ ಮಟ್ಟಿಗೆ’ ಎಂದದ್ದನ್ನು ದಯವಿಟ್ಟು ಎರಡು ಸಲ ಓದಿ. ದರ ಇಷ್ಟರಿಂದ ಇಷ್ಟರೊಳಗೆ ಎಂದು ಅಸ್ಯೂಮ್ (ಇದನ್ನು ನಿಜವೆಂದು ಇಟ್ಟುಕೋ ಎಂಬ ಸೂಚನೆ) ಮೂಲಕ ಹೇಳುತ್ತೀರಲ್ಲ, ಆ ಷರತ್ತುಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಯಾವ ಬೆಲೆಯೂ ಉಳಿಯದೆ, ಏನನ್ನು ಕೇಳಿದರೂ ‘ಯಶಸ್ವಿ’ ಎಂದೇ ಬರುತ್ತದೆ. ಪ್ರೋಗ್ರಾಂನ ಕೊನೆಯಲ್ಲಿ ಸುಳ್ಳೆಂದು ಗೊತ್ತಿರುವ ಅಸರ್ಷನ್ ಒಂದನ್ನು ಇಟ್ಟು ನೋಡಿ, ಅದು ವಿಫಲವಾಗಲೇಬೇಕು. ನಾನು ಪ್ರತಿ ಸಲವೂ ಮೊದಲು ಮಾಡುವ ಕೆಲಸ ಇದೇ.

ಇನ್ನೊಂದು ಮಾತು. ಕೂಡಿಸುವ ಲೂಪ್‌ನೊಳಗೆ ಗುಣಾಕಾರವನ್ನು ತರಬೇಡಿ. ಸಾಂಕೇತಿಕ ಪರಿಶೀಲನೆ ಮೊದಲು ಬೆಳೆದದ್ದು ಬಿಡಿಡಿ ಎಂಬ, ತಾರ್ಕಿಕ ಸೂತ್ರವನ್ನು ಹೌದು-ಇಲ್ಲಗಳ ಕವಲುಗಳಾಗಿ ತೋರಿಸುವ ನಿರ್ಣಯ ನಕ್ಷೆಗಳ ಮೇಲೆ. 1990ರ ಹೊತ್ತಿಗೆ ಅವುಗಳಿಂದ 10ರ 20ನೇ ಘಾತದಷ್ಟು ಸ್ಥಿತಿಗಳನ್ನು ನಿಭಾಯಿಸಿದ್ದರು. ಆದರೂ ಆ ನಕ್ಷೆಗಳನ್ನು ಈಗಿನ ರೂಪಕ್ಕೆ ತಂದ ಬ್ರಯಂಟ್ ಅವರೇ 1991ರಲ್ಲಿ, ಚರಾಕ್ಷರಗಳನ್ನು ಯಾವ ಕ್ರಮದಲ್ಲಿಟ್ಟರೂ ಗುಣಾಕಾರದ ನಕ್ಷೆ ಘಾತೀಯವಾಗಿ ಬೆಳೆಯುತ್ತದೆ ಎಂದು ಸಾಧಿಸಿದರು. ಸ್ಯಾಟ್ ಸಾಲ್ವರ್‌ಗಳಿಗೂ ಗುಣಾಕಾರ ಕಷ್ಟದ್ದೇ. ಒಂದು ಲಾಟಿನ ಲೆಕ್ಕವನ್ನು ಬೇರೆಯಾಗಿ ಸಾಧಿಸಿ, ಲೂಪ್‌ನಲ್ಲಿ ಅದರ ಫಲಿತಾಂಶದ ಮಿತಿಯನ್ನಷ್ಟೇ ಬಳಸಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದ. ಸುಳ್ಳು ಅಸರ್ಷನ್ ಇಟ್ಟೆ. ಅದಕ್ಕೂ ‘ಯಶಸ್ವಿ’ ಎಂದೇ ಬಂತು! ಹುಡುಕಿದಾಗ, ಒಂದು ಕಡೆ ದರ 1,00,000ಕ್ಕಿಂತ ಕಡಿಮೆ ಎಂದು ರೂಪಾಯಿಯ ಲೆಕ್ಕದಲ್ಲೂ, ಇನ್ನೊಂದು ಕಡೆ 10,00,000ಕ್ಕಿಂತ ಹೆಚ್ಚು ಎಂದು ಪೈಸೆಯ ಲೆಕ್ಕದಲ್ಲೂ ಬರೆದಿದ್ದೆ. ಅದನ್ನು ತಿದ್ದಿ ಅನ್‌ವೈಂಡಿಂಗ್ ಅಸರ್ಷನ್ ಸೇರಿಸಿದಾಗ ಮಿತಿ 10 ಸಾಲದೆಂದು ವಿಫಲವಾಯಿತು. ಪಟ್ಟಿಯಲ್ಲಿ 200 ಲಾಟುಗಳಿಗೆ ಮಾತ್ರ ಜಾಗವಿರುವುದರಿಂದ ಮಿತಿಯನ್ನು 201 ಮಾಡಿದ್ದೇನೆ, ಗುಣಾಕಾರವನ್ನು ಬೇರ್ಪಡಿಸಿದ್ದೇನೆ. ಈಗ ಸುಳ್ಳು ಅಸರ್ಷನ್ ವಿಫಲವಾಗುತ್ತಿದೆ, ಉಳಿದವೆಲ್ಲ ದಾಟುತ್ತಿವೆ.