ಲ್ಯಾಬ್ ಗಾಜಿನ ಪೆಟ್ಟಿಗೆಗೆ ಯಾವ ನೈಟ್ ಫೈಟರ್?

(ಮಾತಾಡುವವರನ್ನು ಅವರವರ ಬಡಾವಣೆ, ಊರಿನ ಹೆಸರಲ್ಲೇ ಗುರುತಿಸಿದೆ.)

ಕುವೆಂಪುನಗರ: ಎಲ್ಲರ ದುಡ್ಡೂ ಬಂತು. ಜೋಡಿಸೋ ಪ್ಲಾಸ್ಟಿಕ್ ವಿಮಾನದ ಕಿಟ್ ಒಂದೇ, ನಮ್ಮ ಹೈಸ್ಕೂಲ್ ಲ್ಯಾಬ್‌ಗೆ. ಗಾಜಿನ ಪೆಟ್ಟಿಗೆ ಒಳಗಡೆ 45 ಸೆಂ.ಮೀ. ಅಗಲ, 35 ಉದ್ದ, 15 ಎತ್ತರ. ರೇಡಾರ್ ಪಾಠಕ್ಕೆ ಎರಡನೇ ಮಹಾಯುದ್ಧದ ನೈಟ್ ಫೈಟರ್ (ರಾತ್ರಿ ಕಾದಾಡೋ ವಿಮಾನ) ಅಂತ ಆಗಲೇ ಒಪ್ಪಿದ್ದೀವಿ. ಯಾವುದು ಅನ್ನೋದು ಇವತ್ತು ಮುಗೀಲಿ.

ಮಂಡ್ಯ: ಪಿ-61 ಬ್ಲ್ಯಾಕ್ ವಿಡೋ ಕಣ್ರಪ್ಪ. ರಾತ್ರಿ ಕಾದಾಟಕ್ಕೇ ಅಂತ, ರೇಡಾರ್ ಜೊತೇಲೇ ಡಿಸೈನ್ ಮಾಡಿದ ಅಮೆರಿಕದ ಮೊದಲ ವಿಮಾನ. 1/48 ಸ್ಕೇಲ್‌ನಲ್ಲಿ, ಅಂದ್ರೆ ನಿಜದ ಗಾತ್ರದ 48ನೇ ಒಂದು ಭಾಗದಲ್ಲಿ, ರೆಕ್ಕೆ 42 ಸೆಂ.ಮೀ., ಉದ್ದ 31.5. ಪೆಟ್ಟಿಗೆಗೆ ಕೂರ್ತದೆ.

ಸರಸ್ವತಿಪುರಂ: ಎರಡೂ ಕಡೆ ಒಂದೂವರೆ ಸೆಂಟಿಮೀಟರ್ ಉಳಿದರೆ ಅದು ಕೂರೋದಲ್ಲ, ತುರುಕೋದು. ಗಾಜನ್ನ ಮೇಲಿಂದ ಇಳಿಸಬೇಕು. ಕೈ ಸ್ವಲ್ಪ ಓರೆಯಾದರೂ ರೆಕ್ಕೆ ತುದಿ ಹೋಯ್ತು. ಬ್ರಿಟನ್ನಿನ ಬ್ಯೂಫೈಟರ್ ತಗೊಳ್ಳೋಣ. ಅದೇ ಸ್ಕೇಲ್‌ನಲ್ಲಿ ರೆಕ್ಕೆ 36.7, ಉದ್ದ 26 ಚಿಲ್ಲರೆ. ಸುತ್ತ ನಾಲ್ಕು ಸೆಂಟಿಮೀಟರ್ ಜಾಗ ಸಿಗತ್ತೆ.

ಒಂಟಿಕೊಪ್ಪಲ್: ಜರ್ಮನ್ ಬಿಎಫ್ 110 ಜಿ-4 ಇನ್ನೂ ಚಿಕ್ಕದು, 34ರ ಹತ್ತಿರ. ಮೂತಿ ಮೇಲೆ ಜಿಂಕೆ ಕೊಂಬಿನ ಥರ ಆಂಟೆನಾ ಇರತ್ತೆ, ಮಕ್ಕಳು ಕೇಳದೇನೇ ರೇಡಾರ್ ಅಂತ ಗುರುತಿಸ್ತಾರೆ.

ಸರಸ್ವತಿಪುರಂ: ನೋಡೋಕೆ ಅದೇ ಚೆಂದ, ಒಪ್ಪಿದೆ ಕಣೆ. ಆದರೆ ಆ ಕೊಂಬು ಪ್ಲಾಸ್ಟಿಕ್ಕಿನದಾದರೆ ಸ್ಪ್ರೂ (ಭಾಗಗಳು ಅಂಟಿಕೊಂಡಿರೋ ಚೌಕಟ್ಟು) ಇಂದ ಕತ್ತರಿಸುವಾಗಲೇ ಅರ್ಧ ಮುರಿಯತ್ತೆ, ಸರಿಯಾದ ಗಾತ್ರಕ್ಕಿಂತ ದಪ್ಪಾನೂ ಇರತ್ತೆ. ಹಿತ್ತಾಳೆಯದು ಬೇರೆ ತರಿಸಬೇಕು. ಇನ್ನೊಂದು ಜರ್ಮನ್ ವಿಮಾನ ಹೆಚ್‌ಇ 219ಕ್ಕೂ ಇದೇ ಕಥೆ.

ಒಂಟಿಕೊಪ್ಪಲ್: ಸರಿ, ಬಿಡು. ಬ್ರಿಟನ್ನಿನ ಮಸ್ಕಿಟೊ? ತಾಮಿಯಾ ಕಂಪನಿಯ 1/48 ಎನ್‌ಎಫ್ 13/17 (ಅದರ ನೈಟ್ ಫೈಟರ್ ಮಾದರಿ) ಸಲೀಸಾಗಿ ಜೋಡಿಸಬಹುದು.

ಕುವೆಂಪುನಗರ: ಒಳ್ಳೆ ಕಿಟ್ಟೇ. ಆದರೆ ಅದರ ರೇಡಾರ್ ಪೂರ್ತಿ ಮೂತಿಯ ಗುಂಡು ಮುಚ್ಚಳದ ಒಳಗೆ. ಹೊರಗೆ ತೋರಿಸೋಕೆ ಏನಿದೆ?

ಮಂಡ್ಯ: ಪಿ-61ರಲ್ಲಿ ತೋರಿಸಬೌದು ಕಣಪ್ಪ! ರೇಡಾರ್ ಡಿಶ್ ಕೊಡೋ ಕಿಟ್ ತಗೊಂಡು ಮೂತಿ ಅಂಟಿಸದೆ ಪಕ್ಕದಲ್ಲಿಟ್ರಾಯ್ತು. ಅದರ ಎಸ್‌ಸಿಆರ್-720 ರೇಡಾರಿನ ಡಿಶ್ ಕಣ್ಣೆದುರಿಗೇ ಇರ್ತದೆ. ಬಣ್ಣಾನೂ ಹೊಳಪು ಕಪ್ಪು. ಸರ್ಚ್‌ಲೈಟ್ ಬೆಳಕು ಅದರ ಮೇಲೆ ಬಿದ್ರೆ ಕನ್ನಡೀಲಿ ಬಿದ್ದಂಗೆ ಬೇರೆ ಕಡೆ ಹಾರೋಯ್ತದೆ, ನೆಲದಲ್ಲಿರೋನ ಕಣ್ಣಿಗೆ ವಾಪಸ್ ಬರಲ್ಲ. ಮಂಕು ಕಪ್ಪಾದ್ರೆ ಬೆಳಕು ಎಲ್ಲಾ ಕಡೆ ಚೆದುರಿ ವಿಮಾನ ಕಾಣಿಸ್ಕೊಳ್ತದೆ. ಅದೂ ಫಿಸಿಕ್ಸ್ ಪಾಠಾನೇ ಅಲ್ವಾ?

ಸರಸ್ವತಿಪುರಂ: ಪಾಠ ಒಪ್ಪಿದೆ. ಡಿಶ್ ತೆರೆದಿಟ್ಟರೆ ತೂಕ ಎಲ್ಲಿ ಹಾಕ್ತೀಯ? ಪಿ-61 ಮೂರು ಚಕ್ರದ ಮೇಲೆ ಮೂತಿ ಮುಂದಿಟ್ಟು ನಿಲ್ಲೋದು. ಹಿಂದೆ ಎರಡು ಉದ್ದನೆ ಬೂಮ್, ಅದರ ಮೇಲೆ ಬಾಲ. ಮುಂದೆ ಭಾರ ಇಲ್ಲದಿದ್ದರೆ ಬಾಲ ಊರಿ ಕೂತುಬಿಡತ್ತೆ. ಭಾರಕ್ಕೆ ಅತಿ ಒಳ್ಳೆ ಜಾಗ ಮೂತಿ, ನೀನು ಅದನ್ನೇ ಖಾಲಿ ಬಿಡ್ತೀನಿ ಅಂತಿದ್ದೀಯ.

ಮಂಡ್ಯ: ಎಂಜಿನ್ ಹಿಂದೆ, ನೆಸೆಲ್ (ಎಂಜಿನ್ ಗೂಡು) ಮುಂಭಾಗಕ್ಕೆ ತುಂಬ್ತೀನಿ. ಸೈಕಲ್ ಶಾಪಲ್ಲಿ ಕಾಲಿಂಚಿನ ಬೇರಿಂಗ್ ಗುಂಡು ಸಿಗ್ತವೆ, ಒಂದು ಸುಮಾರು 1 ಗ್ರಾಂ. ಮೊದಲು ಎಲ್ಲಾ ಭಾಗಾನೂ ಟೇಪ್ ಹಾಕಿ ಜೋಡಿಸೋದು, ಹಿಂದಿನ ಚಕ್ರ ಬರೋ ಜಾಗಕ್ಕೆ ಎರಡು ಪೆನ್ಸಿಲ್ ಕೊಟ್ಟು ತಕ್ಕಡಿ ಥರ ನಿಲ್ಲಿಸೋದು. ಮೂತಿ ಬಗ್ಗೋವರ್ಗೂ ಒಂದೊಂದೇ ಗುಂಡು ಹಾಕೋದು. ಆಮೇಲೆ ಇನ್ನು ನಾಲ್ಕೈದು, ಬಣ್ಣ ಬಿದ್ಮೇಲೆ ಲೆಕ್ಕ ತಪ್ಪದಂಗೆ.

ಒಂಟಿಕೊಪ್ಪಲ್: ಗುಂಡೇ ಹಾಕು, ಗಾಳದ ಸೀಸ ಬೇಡ. ಸೀಸಾನ ಫೆವಿಕಾಲ್‌ನಲ್ಲಿ ಕೂರಿಸಿದರೆ ಕೆಲವು ವರ್ಷಕ್ಕೆ ಅದು ಬಿಳಿ ಪುಡಿಯಾಗಿ ಉಬ್ಬತ್ತೆ, ಪ್ಲಾಸ್ಟಿಕ್ ಜೋಡಣೇನೇ ಸೀಳತ್ತೆ. ಉಕ್ಕಿನ ಗುಂಡಿಗೆ ಅರಾಲ್ಡೈಟ್.

ಸರಸ್ವತಿಪುರಂ: ನೆಸೆಲ್ ಚಕ್ರಕ್ಕೆ ಹತ್ತಿರ. ಸನ್ನೆಕೋಲು ಗಿಡ್ಡ ಆಯ್ತು ಅಂದರೆ ಮೂತಿಗೆ ಹಾಕೋದಕ್ಕಿಂತ ಎಷ್ಟೋ ಜಾಸ್ತಿ ಗುಂಡು ಬೇಕು. ಅಷ್ಟೂ ಭಾರ ಪ್ಲಾಸ್ಟಿಕ್ ಕಾಲಿನ ಮೇಲೆ. ಲ್ಯಾಬ್ ಕಿಟಕಿ ಪಶ್ಚಿಮಕ್ಕಿದೆ, ಏಪ್ರಿಲ್ ಬಿಸಿಲಿಗೆ ಗಾಜಿನೊಳಗೆ ಕಾದು ಕಾಲು ನಿಧಾನಕ್ಕೆ ಅಗಲ ಆಗ್ತಾ ಹೋಗತ್ತೆ. ಬ್ಯೂಫೈಟರ್‌ಗೆ ಹಿಂಚಕ್ರ ಬಾಲದಲ್ಲಿದೆ. ಒಂದು ಗ್ರಾಂ ತೂಕಾನೂ ಬೇಡ.

ಕುವೆಂಪುನಗರ: ಆದರೆ ಬ್ಯೂಫೈಟರಲ್ಲಿ ರೇಡಾರ್ ಎಲ್ಲಿ ಕಾಣತ್ತೆ? ಅದನ್ನ ಹೇಳು.

ಸರಸ್ವತಿಪುರಂ: ಎಐ ಮಾರ್ಕ್ 4 ರೇಡಾರ್ ಇರೋದನ್ನ ಕಟ್ಟಿದರೆ ಎಲ್ಲಾ ಹೊರಗೇ ಇದೆ. ಮೂತಿ ತುದೀಲಿ ಬಾಣದ ಥರದ್ದು ತರಂಗ ಬಿಡೋದು. ಎರಡೂ ರೆಕ್ಕೆ ಮುಂದಂಚಲ್ಲಿ ಒಂದೊಂದು ಗ್ರಾಹಕ, ಯಾವ ಕಡೆ ಸಿಗ್ನಲ್ ಜೋರೋ ಶತ್ರು ಆ ಕಡೆ. ರೆಕ್ಕೆಯ ಮೇಲೊಂದು ಕೆಳಗೊಂದು, ಅದು ಎತ್ತರಕ್ಕೆ. ತರಂಗದ ಉದ್ದ 1.5 ಮೀಟರ್, ಅರ್ಧ ತರಂಗ 75 ಸೆಂ.ಮೀ. 1/48ರಲ್ಲಿ ಒಂದೂವರೆ ಸೆಂಟಿಮೀಟರ್. ಮಗು ಸ್ಕೇಲ್ ಹಿಡಿದು 48ರಿಂದ ಗುಣಿಸಿ ನೋಡಬಹುದು. ಡಿಶ್ ತೋರಿಸಿದರೆ ಮಗು ತಟ್ಟೆ ನೋಡತ್ತೆ. ಇಲ್ಲಿ ದಿಕ್ಕು ಹೇಗೆ ಗೊತ್ತಾಗತ್ತೆ ಅನ್ನೋದೇ ಕಾಣತ್ತೆ.

ಮಂಡ್ಯ: ಆ ಮಾರ್ಕ್ 4ಕ್ಕೆ ನೆಲದ ಪ್ರತಿಧ್ವನಿ ಕಾಟ. ವಿಮಾನ ಎಷ್ಟು ಎತ್ತರದಲ್ಲೈತೋ ಅಷ್ಟು ದೂರ ಮಾತ್ರ ನೋಡ್ತಿತ್ತು. 10 ಸೆಂ.ಮೀ. ತರಂಗದ ಡಿಶ್ ಬಂದ್ಮೇಲೇ ಆ ಕಾಟ ತಪ್ಪಿದ್ದು.

ಸರಸ್ವತಿಪುರಂ: ನಿಜ. ಅದನ್ನೂ ಚೀಟೀಲಿ ಬರೆಯೋಣ, ಡಿಶ್ ಯಾಕೆ ಬೇಕಾಯ್ತು ಅಂತ. ಇನ್ನೊಂದು ಮಾತು. 1943ರ ಜನವರಿ 15ರ ರಾತ್ರಿ ಕಲ್ಕತ್ತಾ ಮೇಲೆ ಮೂರು ಜಪಾನಿ ಬಾಂಬರ್ ಬೀಳಿಸಿದ್ದು ಡಂ ಡಂನಲ್ಲಿದ್ದ 176ನೇ ಸ್ಕ್ವಾಡ್ರನ್‌ನ ಸಾರ್ಜೆಂಟ್ ಪ್ರಿಂಗ್, ಬ್ಯೂಫೈಟರಲ್ಲಿ. ನಮ್ಮ ದೇಶದ ಆಕಾಶದಲ್ಲೇ ಆದ ಕೆಲಸ.

ಮಂಡ್ಯ: ಪಿ-61ನೂ ಬಂಗಾಳದ ಪಾಂಡವೇಶ್ವರದಲ್ಲಿತ್ತು, 427ನೇ ಸ್ಕ್ವಾಡ್ರನ್ದು. ಆದ್ರೂ ಕಲ್ಕತ್ತಾ ಕಾಯ್ದಿದ್ದು ಬ್ಯೂಫೈಟರ್ ಅನ್ನೋದಕ್ಕೆ ನಾನು ಎದುರಾಡಲ್ಲ. ಕಾಲು ಬಗ್ಗೋ ಮಾತೂ ಸರಿ. ನನ್ನದು ಒಂದೇ ಷರತ್ತು, ಮೂತಿ ಸರಿಯಾಗಿರೋ ಡಬ್ಬಾನೇ ಬರ್ಬೇಕು. ತಾಮಿಯಾ 1/48 ಬ್ಯೂಫೈಟರ್ ಒಂದಕ್ಕಿಂತ ಹೆಚ್ಚು ಡಬ್ಬಾದಲ್ಲಿ ಬಂದೈತೆ. ಗುಂಡು ಮೂತಿ ಬಂದ್ರೆ ಅದು ಡಿಶ್ ರೇಡಾರ್‌ದು, ಪ್ರಿಂಗ್ ಕಥೆ ಹೇಳಂಗಿಲ್ಲ.

ಕುವೆಂಪುನಗರ: ಆರ್ಡರ್ ಮುಂಚೆ ಸ್ಪ್ರೂ ಫೋಟೋ ಕೇಳ್ತೀನಿ. ಬಾಣ ಮುರಿದಿದ್ದರೆ?

ಒಂಟಿಕೊಪ್ಪಲ್: ಮುರೀದಿದ್ದರೂ ಬದಲಾಯಿಸಿ. ವೀಣೆಯ ತಾಳದ ತಂತಿ ತೆಳು ಉಕ್ಕಿನದು, ಮೈಸೂರಲ್ಲಿ ಅದಕ್ಕೇನು ಬರ. 0.3 ಮಿ.ಮೀ. ಆಸುಪಾಸಿನದಾದರೆ ಸಾಕು. ಧೂಳು ಒರೆಸುವ ಬಟ್ಟೆ ತಾಗಿದರೂ ಬಗ್ಗಿ ವಾಪಸ್ ನೆಟ್ಟಗಾಗತ್ತೆ. ಇಕ್ಕಳದಲ್ಲಿ ಕತ್ತರಿಸಿ, ಪ್ಲಾಸ್ಟಿಕ್ ನಿಪ್ಪರ್ ಹಾಕಿದರೆ ಬಾಯಿ ಹಲ್ಲು ಬೀಳತ್ತೆ. ತೂತು ಕೊರೆದು 3 ಮಿ.ಮೀ. ಒಳಗೆ ಇಳಿಸಿ. ಫೆವಿಕ್ವಿಕ್ ಹಾಕೋದಿದ್ದರೆ ಕಾಕ್‌ಪಿಟ್ ಗಾಜು ಕೂರಿಸೋ ಮುಂಚೆ, ಅದರ ಆವಿ ತಾಗಿದರೆ ಗಾಜು ಮಂಜಾಗತ್ತೆ. ಗಾಜಿಗೆ ಮಾತ್ರ ಫೆವಿಕಾಲ್, ಒಣಗಿದ ಮೇಲೆ ಕಾಣಲ್ಲ.

ಸರಸ್ವತಿಪುರಂ: ರೆಕ್ಕೆ ಗನ್ ತೂತು ಎಣಿಸಿ ಕೊರೀರಿ. ಬಲಗಡೆ ನಾಲ್ಕು, ಎಡಗಡೆ ಎರಡೇ. ಎಡ ರೆಕ್ಕೇಲಿ ಇಳಿಯೋ ದೀಪ ಇದೆ. ಎರಡೂ ಕಡೆ ಸಮ ಮಾಡೋಕೆ ಹೋಗಿ ಕೆಡಿಸೋದು ಸುಲಭ.

ಕುವೆಂಪುನಗರ: ಡೆಕಾಲ್, ನೀರಲ್ಲಿ ನೆನೆಸಿ ಅಂಟಿಸೋ ಗುರುತುಗಳು?

ಒಂಟಿಕೊಪ್ಪಲ್: ಹಳೇ ಸ್ಟಾಕ್ ಆದರೆ ಬೇಡದ ಒಂದು ಅಕ್ಷರ ಮೊದಲು ನೆನೆಸಿ ನೋಡಿ, ಚೂರಾದರೆ ಉಳಿದ ಹಾಳೆ ಮೇಲೆ ವಾರ್ನಿಷ್ ಹೊಡೀರಿ. ಬೋರ್‌ವೆಲ್ ನೀರು ಬೇಡವೇ ಬೇಡ, ಸುತ್ತ ಬಿಳಿ ಗೆರೆ ಕೂರತ್ತೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ. ಮಂಕು ಬಣ್ಣದ ಮೇಲೆ ನೇರ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿ ಬೆಳ್ಳಿ ಹೊಳೆಯತ್ತೆ. ಮೊದಲು ಹೊಳಪು ಕ್ಲಿಯರ್ (ಬಣ್ಣವಿಲ್ಲದ ವಾರ್ನಿಷ್), ಆಮೇಲೆ ಡೆಕಾಲ್, ಕೊನೇಲಿ ಮಂಕು ಕ್ಲಿಯರ್. ಆ ಕೊನೇ ಕೋಟ್ ಮಳೆ ಹಿಡಿದ ದಿನ ಬೇಡ ಕಣ್ರೋ, ತೇವ ಸೇರಿ ಹಾಲಿನ ಥರ ಬೆಳ್ಳಗಾಗತ್ತೆ.

ಮಂಡ್ಯ: ಬುಡು, ಬಿಸ್ಲು ಬಂದ ದಿನ ಮಾಡಣ. ಮೂತಿ ತೂತು ನಾನು ಕೊರೀತೀನಿ, 0.3 ಮಿ.ಮೀ. ಡ್ರಿಲ್ ಬಿಟ್, ಕೈ ಡ್ರಿಲ್ಲು ಎರಡೂ ಐತೆ. ತಂತಿ ಯಾರಾದ್ರೂ ತನ್ನಿ.