ಮಗು ಊಟ ಮುಟ್ಟಲ್ಲ, ಹಾಲು ಬಿಡಲ್ಲ: ರಕ್ತಹೀನತೆ ಬಗ್ಗೆ ಮಕ್ಕಳ ವೈದ್ಯರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಒಬ್ಬ ತಾಯಿ, ಮಂಡ್ಯ):
ನಮಸ್ತೆ ಮೇಡಂ. ನನ್ನ ಮಗನಿಗೆ 1 ವರ್ಷ 9 ತಿಂಗಳು, ತೂಕ 10 ಕೆಜಿ. ಊಟ ಅಂದ್ರೆ ಮುಖ ತಿರುಗಿಸ್ತಾನೆ. ಒಂದು ತುತ್ತು ಬಾಯಿಗೆ ಹೋದ್ರೆ ಅದನ್ನ ಕೆನ್ನೇಲೇ ಇಟ್ಕೊಂಡು ಕೂತಿರ್ತಾನೆ. ಹಾಲು ಮಾತ್ರ ಎಷ್ಟು ಕೊಟ್ರೂ ಬೇಕು. ಬಾಟಲಿಯಲ್ಲಿ ದಿನಕ್ಕೆ ಹತ್ತಿರತ್ತಿರ ಒಂದು ಲೀಟರ್ ಕುಡೀತಾನೆ, ರಾತ್ರಿ ಎಚ್ಚರ ಆದಾಗಲೂ ಹಾಲೇ. ಈಚೆಗೆ ಹೂಕುಂಡದ ಮಣ್ಣು ತಿಂತಾನೆ, ಗೋಡೆ ಸುಣ್ಣ ಕೆರೀತಾನೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6 ಬಂತು. ಐರನ್ ಸಿರಪ್ ಬರೆದುಕೊಟ್ಟಿದ್ದಾರೆ. ಅದು ಶುರುವಾದ ಮೇಲೆ ಮಲ ಕಪ್ಪಗಿದೆ, ಹಲ್ಲೂ ಕಪ್ಪಾಗಿದೆ. ಅತ್ತೆ, "ಹಾಲು ಕುಡೀತಾನಲ್ಲ, ಸಾಕು. ಹೊಟ್ಟೇಲಿ ಹುಳ ಇರ್ಬೇಕು, ಅದಕ್ಕೇ ಮಣ್ಣು ತಿಂತಾನೆ" ಅಂತಾರೆ. ಸಿರಪ್ ಮುಂದುವರಿಸ್ಲಾ, ನಿಲ್ಲಿಸ್ಲಾ?

ಉತ್ತರ (ಮಕ್ಕಳ ವೈದ್ಯೆ):
ಸಿರಪ್ ನಿಲ್ಲಿಸಬೇಡಿ ತಾಯಿ. ಮೊದಲು ಅದೊಂದು ಗಟ್ಟಿ ಮಾಡಿಕೊಳ್ಳಿ. ಈ ವಯಸ್ಸಿನ ಮಗುವಿಗೆ ಹಿಮೋಗ್ಲೋಬಿನ್ ಸುಮಾರು 11 ಆದರೂ ಇರಬೇಕು. 8.6 ಅಂದರೆ ಊಟದಿಂದ ಮಾತ್ರ ತುಂಬಿಕೊಳ್ಳುವ ಕೊರತೆಯಲ್ಲ, ಔಷಧಿ ಬೇಕೇ ಬೇಕು. ಮಲ ಕಪ್ಪಾಗುವುದು ಕಬ್ಬಿಣಾಂಶದ ಬಣ್ಣದಿಂದ, ಅದರಿಂದ ಏನೂ ತೊಂದರೆಯಿಲ್ಲ. ಹಲ್ಲಿನ ಕಪ್ಪು ಮೇಲ್ಮೈ ಕಲೆ, ಹೋಗುತ್ತದೆ. ಡ್ರಾಪರ್ ಅಥವಾ ಸಿರಿಂಜಿನಲ್ಲಿ ತೆಗೆದುಕೊಂಡು ಕೆನ್ನೆಯ ಒಳಭಾಗಕ್ಕೆ, ನಾಲಿಗೆಯ ಹಿಂದಕ್ಕೆ ಬಿಡಿ, ಆಮೇಲೆ ಎರಡು ಗುಟುಕು ನೀರು ಕುಡಿಸಿ, ಹಲ್ಲು ಉಜ್ಜಿ.

ಇನ್ನು ಹಾಲಿನ ವಿಷಯ. ನಿಮ್ಮ ಮಗನ ರಕ್ತ ಕಡಿಮೆಯಾಗಲು ಮುಖ್ಯ ಕಾರಣ ಬಹುಪಾಲು ಆ ಒಂದು ಲೀಟರ್ ಹಾಲೇ ಎಂದು ನನಗನಿಸುತ್ತದೆ. ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಹಾಲಿನ ಕ್ಯಾಲ್ಸಿಯಂ, ಜೊತೆಗೆ ತಿಂದ ಆಹಾರದ ಕಬ್ಬಿಣವೂ ಮೈಗೆ ಹತ್ತದಂತೆ ತಡೆಯುತ್ತದೆ. ಹಾಲು ಅತಿಯಾದಾಗ ಕೆಲವು ಮಕ್ಕಳ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಜಿನುಗುತ್ತದೆ. ಇದೆಲ್ಲದರ ಮೇಲೆ ಹೊಟ್ಟೆ ತುಂಬಿದ ಮಗುವಿಗೆ ಹಸಿವೆಲ್ಲಿಂದ ಬರಬೇಕು?

ಅವನು ಊಟಕ್ಕೆ ಹಟ ಮಾಡುತ್ತಾನೆ ಎಂದು ಬಯ್ಯಬೇಡಿ. ಕಬ್ಬಿಣಾಂಶ ಕಡಿಮೆಯಾದರೆ ಹಸಿವು ಸಾಯುತ್ತದೆ, ಕಿರಿಕಿರಿ ಹೆಚ್ಚುತ್ತದೆ, ಮಣ್ಣು, ಸುಣ್ಣ, ಬಳಪ, ಹಸಿ ಅಕ್ಕಿ ತಿನ್ನುವ ಆಸೆ ಹುಟ್ಟುತ್ತದೆ. ಹಸಿವಿಲ್ಲದ್ದಕ್ಕೆ ಹಾಲು ಕೊಡುತ್ತೀರಿ, ಹಾಲಿನಿಂದ ಕಬ್ಬಿಣಾಂಶ ಇನ್ನೂ ಇಳಿಯುತ್ತದೆ, ಹಸಿವು ಇನ್ನೂ ಸಾಯುತ್ತದೆ. ಮಗು ತನ್ನಷ್ಟಕ್ಕೆ ಈ ಸುಳಿಯಿಂದ ಹೊರಗೆ ಬರಲಾರದು. ಸಿರಪ್ಪೂ ಬೇಕು, ಹಾಲೂ ಇಳಿಯಬೇಕು, ಒಟ್ಟಿಗೆ.

ಹಾಲನ್ನು ದಿನಕ್ಕೆ 400 ಮಿಲಿಗೆ ತನ್ನಿ, 500 ದಾಟಬಾರದು. ಮೊದಲು ರಾತ್ರಿಯ ಬಾಟಲಿ ಬಿಡಿಸಿ, ಅದರ ಬದಲು ನೀರು. ಹಗಲಲ್ಲಿ ಲೋಟದಲ್ಲಿ ಕೊಡಿ. ಬಾಟಲಿಯಲ್ಲಿ ಕುಡಿದಷ್ಟು ಲೋಟದಲ್ಲಿ ಕುಡಿಯುವುದಿಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ನಾಲ್ಕೈದು ದಿನ ಅಳುತ್ತಾನೆ. ಆ ದಿನಗಳಲ್ಲಿ ಅತ್ತೆಯವರು, ಯಜಮಾನರು ಎಲ್ಲರೂ ಒಂದೇ ಮಾತಿನಲ್ಲಿರಬೇಕು. ಒಬ್ಬರು ಕದ್ದು ಬಾಟಲಿ ಕೊಟ್ಟರೂ ಆಟ ಮೊದಲಿಂದ ಶುರು. ಸಾಧ್ಯವಾದರೆ ಅತ್ತೆಯವರನ್ನೇ ಮುಂದಿನ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅಜ್ಜಿಯರು ಮಗುವಿನ ಒಳಿತಿಗೇ ಹೇಳುವುದು, ಕಾರಣ ಗೊತ್ತಾದರೆ ಅವರಷ್ಟು ಗಟ್ಟಿಯಾಗಿ ನಿಲ್ಲುವವರು ಬೇರೆ ಇಲ್ಲ.

ಹುಳದ ಬಗ್ಗೆ ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಮಣ್ಣು ತಿನ್ನುವ ಮಗುವಿಗೆ ಹುಳ ಸೇರಬಹುದು, ಕೊಕ್ಕೆಹುಳ ರಕ್ತವನ್ನೂ ಹೀರುತ್ತದೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿಯಲ್ಲಿ ಅಲ್ಬೆಂಡಝೋಲ್ ಕೊಡುತ್ತಾರೆ. ಒಂದರಿಂದ ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಲ್ಲಿ ಕಲಸಿ. ಆದರೆ ಹುಳದ ಔಷಧಿ ಕೊಟ್ಟ ಮಾತ್ರಕ್ಕೆ 8.6 ಏರುವುದಿಲ್ಲ.

ಪ್ರಶ್ನೆ (ಅದೇ ತಾಯಿ):
ಸಿರಪ್ ಯಾವಾಗ ಕೊಡ್ಬೇಕು ಮೇಡಂ? ಎಷ್ಟು ದಿನ? ನಾನು ಬೆಳಿಗ್ಗೆ ಹಾಲಿನ ಜೊತೆಗೇ ಕೊಡ್ತಿದ್ದೆ.

ಉತ್ತರ:
ಹಾಲಿನ ಜೊತೆ ಬೇಡ, ಹಿಂದೆ ಮುಂದೆ ಒಂದೆರಡು ಗಂಟೆ ಅಂತರ ಇರಲಿ. ನಿಂಬೆ ಪಾನಕ ಅಥವಾ ಕಿತ್ತಳೆ ರಸದ ಜೊತೆ ಕೊಟ್ಟರೆ ಚೆನ್ನಾಗಿ ಹತ್ತುತ್ತದೆ. ಚಿಕಿತ್ಸೆಗೆ ಸಾಮಾನ್ಯವಾಗಿ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂ ಕಬ್ಬಿಣಾಂಶ ಲೆಕ್ಕ ಹಾಕುತ್ತೇವೆ, ನಿಮ್ಮ ಮಗನಿಗೆ ಸುಮಾರು 30 ಮಿಲಿಗ್ರಾಂ. ಆದರೆ ಒಂದೊಂದು ಕಂಪನಿಯ ಸಿರಪ್ಪಿನಲ್ಲಿ ಒಂದೊಂದು ಪ್ರಮಾಣ, ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಬಾಟಲಿ ಬದಲಾದರೆ ಅದೇ ಅಳತೆ ಮುಂದುವರಿಸದೆ ಡಾಕ್ಟರಿಗೆ ತೋರಿಸಿ ಕೇಳಿ.

ನಾಲ್ಕು ವಾರದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, 1 ಗ್ರಾಂ ಆದರೂ ಏರಿರಬೇಕು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಎರಡು ಮೂರು ತಿಂಗಳು ಕೊಡಬೇಕು, ಮೈಯಲ್ಲಿ ದಾಸ್ತಾನು ತುಂಬುವವರೆಗೆ. "11 ಬಂತು, ಸಾಕು" ಎಂದು ಬಿಟ್ಟ ಮಕ್ಕಳು ಆರು ತಿಂಗಳಲ್ಲಿ ಮತ್ತೆ ಅಲ್ಲಿಗೇ ಬರುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಸಿರಪ್ ಬಾಟಲಿಯನ್ನು ಮಾತ್ರ ಎತ್ತರದಲ್ಲಿ, ಬೀಗದೊಳಗೆ ಇಡಿ. ಸಿಹಿಯಾಗಿದೆ ಎಂದು ಮಗು ಕುಡಿದುಬಿಟ್ಟರೆ ಪ್ರಾಣಕ್ಕೇ ಅಪಾಯ. ಹಾಗಾದರೆ ವಾಂತಿಗೆ ಕಾಯಬೇಡಿ, ಬಾಟಲಿ ಹಿಡಿದುಕೊಂಡೇ ನೇರ ಆಸ್ಪತ್ರೆಗೆ ಓಡಿ.

ಪ್ರಶ್ನೆ (ಒಬ್ಬ ತಂದೆ, ದಾವಣಗೆರೆ):
ಮೇಡಂ, ನಾವು ಮಗಳಿಗೆ ದಿನಾ ಬೀಟ್‌ರೂಟ್, ದಾಳಿಂಬೆ ಜ್ಯೂಸ್ ಕೊಡ್ತೀವಿ. ಆದ್ರೂ 9.8 ದಾಟ್ತಿಲ್ಲ. ನಮ್ಮದು ಪೂರ್ತಿ ಸಸ್ಯಾಹಾರ. ರಾಗೀಲಿ ಐರನ್ ಇದೆ ಅಂತಾರಲ್ಲ?

ಉತ್ತರ:
ಕೆಂಪಾಗಿರುವುದೆಲ್ಲ ರಕ್ತವಾಗುವುದಿಲ್ಲ ಸರ್. ಬೀಟ್‌ರೂಟ್, ದಾಳಿಂಬೆ ಎರಡರಲ್ಲೂ ಕಬ್ಬಿಣಾಂಶ ತೀರಾ ಕಡಿಮೆ. ಹಣ್ಣಾಗಿ ತಿನ್ನಲಿ, ಔಷಧಿ ಎಂದು ನಂಬಬೇಡಿ.

ರಾಗಿಯ ದೊಡ್ಡ ಬಲ ಕ್ಯಾಲ್ಸಿಯಂ. ಕಬ್ಬಿಣವೂ 100 ಗ್ರಾಂಗೆ 4-5 ಮಿಲಿಗ್ರಾಂ ಇದೆ, ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಹಿರಿಯರು ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಮಗುವಿಗೆ ಸರಿ ಮಾಡುತ್ತಿದ್ದರಲ್ಲ, ಆ ಮೊಳಕೆಯಲ್ಲಿ ಫೈಟೇಟ್ ಇಳಿಯುತ್ತದೆ. ಆ ಪದ್ಧತಿ ಬಿಡಬೇಡಿ. ಆದರೆ ಸರಿಯನ್ನು ಹಾಲಿನಲ್ಲೇ ಬೇಯಿಸಿದರೆ ಕಬ್ಬಿಣದ ಲೆಕ್ಕದಲ್ಲಿ ಲಾಭ ಕಡಿಮೆ, ನೀರಲ್ಲಿ ಬೇಯಿಸಿ ತುಪ್ಪ ಹಾಕಿ.

ಸಸ್ಯಾಹಾರದ ಮನೆಗೆ ಕಾಳುಗಳೇ ಆಧಾರ: ಹುರುಳಿ, ಅಲಸಂದೆ, ಹೆಸರುಕಾಳು, ಕಡಲೆ. ಮೊಳಕೆ ಹುರುಳಿಯ ಸಾರು, ಹರಿವೆ ಅಥವಾ ನುಗ್ಗೆಸೊಪ್ಪು ಹಾಕಿದ ಬಸ್ಸಾರು ಮಕ್ಕಳಿಗೆ ಮೆತ್ತಗೆ ಅನ್ನದಲ್ಲಿ ಕಲಸಿ ಕೊಡಬಹುದು. ಮೇಲೆ ನಿಂಬೆಹಣ್ಣು ಹಿಂಡುವುದನ್ನು ಮರೆಯಬೇಡಿ. ಸೊಪ್ಪು ಕಾಳಿನ ಕಬ್ಬಿಣ ಹತ್ತಬೇಕಾದರೆ ಅದೇ ಊಟದಲ್ಲಿ ವಿಟಮಿನ್ ಸಿ ಇರಬೇಕು: ನಿಂಬೆ, ಸೀಬೆ, ನೆಲ್ಲಿಕಾಯಿ. ಮಾಂಸ ತಿನ್ನುವ ಮನೆಯವರಿಗೆ ಇದು ಸುಲಭ, ಕೈಮಾ, ಲಿವರ್, ಮೀನಿನ ಕಬ್ಬಿಣ ಎಷ್ಟೋ ಪಾಲು ಚೆನ್ನಾಗಿ ಹತ್ತುತ್ತದೆ. ಮಕ್ಕಳಿಗೆ ಟೀ, ಕಾಫಿ ಬೇಡವೇ ಬೇಡ. ಬಿಸ್ಕತ್ತು ಅದ್ದಿ ಕೊಡುವುದೂ ಟೀ ಕೊಟ್ಟ ಹಾಗೆಯೇ.

ಮಗಳಿಗೆ ಐರನ್ ಕೊಡುತ್ತಿದ್ದೀರಾ, ಬರೀ ಜ್ಯೂಸ್ ಮಾತ್ರವಾ ಎಂದು ನೀವು ಬರೆದಿಲ್ಲ. ಎರಡು ತಿಂಗಳು ಸರಿಯಾಗಿ ಐರನ್ ಕೊಟ್ಟೂ ಏರದಿದ್ದರೆ ಥಲಸ್ಸೇಮಿಯಾ ಮೈನರ್, ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಒಂದು ಲಕ್ಷಣ, ಇದೆಯೇ ನೋಡಬೇಕು. ರಕ್ತಕಣಗಳು ಸಣ್ಣವಾಗಿದ್ದೂ ಅವುಗಳ ಸಂಖ್ಯೆ ಹೆಚ್ಚಿದ್ದರೆ ನಮಗೆ ಆ ಅನುಮಾನ ಬರುತ್ತದೆ. ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಯಲ್ಲಿ ತಿಳಿಯುತ್ತದೆ. ಈ ಲಕ್ಷಣ ಕಾಯಿಲೆಯಲ್ಲ, ಆದರೆ ಮುಂದೆ ಮದುವೆಯ ಹೊತ್ತಿಗೆ ಗೊತ್ತಿರಬೇಕಾದ ವಿಷಯ.

ಪ್ರಶ್ನೆ (ಒಬ್ಬ ತಾಯಿ, ಶಿರಸಿ):
ಅಕ್ಕನ ಮಗು ಅತ್ತು ಅತ್ತು ಉಸಿರು ಕಟ್ಟಿ ನೀಲಿ ಆಗ್ತದೆ. ಇದಕ್ಕೂ ರಕ್ತ ಕಮ್ಮಿ ಆಗೋದಕ್ಕೂ ಸಂಬಂಧ ಉಂಟಾ?

ಉತ್ತರ:
ಉಂಟು. ಹಾಗೆ ಉಸಿರು ಹಿಡಿಯುವ ಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ ಹೆಚ್ಚಾಗಿ ಸಿಗುತ್ತದೆ, ಐರನ್ ಕೊಟ್ಟಾಗ ಎಷ್ಟೋ ಮಕ್ಕಳಲ್ಲಿ ಅದು ಕಡಿಮೆಯಾಗುತ್ತದೆ. ಆದರೂ ಒಮ್ಮೆ ಡಾಕ್ಟರು ನೋಡಿ, ಫಿಟ್ಸ್ ಅಥವಾ ಹೃದಯದ ತೊಂದರೆ ಅಲ್ಲವೆಂದು ಖಚಿತ ಮಾಡಲಿ.

ಪ್ರಶ್ನೆ (ಮಂಡ್ಯದ ತಾಯಿ ಮತ್ತೆ):
ಕೊನೇದು ಒಂದು ಕೇಳ್ತೀನಿ ಮೇಡಂ. ನನಗೂ ಯಾವಾಗ್ಲೂ ಸುಸ್ತು, ಮೆಟ್ಟಿಲು ಹತ್ತಿದ್ರೆ ಎದೆ ಹೊಡ್ಕೊಳುತ್ತೆ, ಕೂದಲು ಉದುರ್ತಿದೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತೆ. ಮಗು ನೋಡ್ಕೊಳೋ ಸುಸ್ತು ಅಂದ್ಕೊಂಡಿದ್ದೆ.

ಉತ್ತರ:
ಇದನ್ನು ನೀವು ಕೊನೆಗೆ ಕೇಳಿದ್ದೀರಿ, ನಾನು ಮೊದಲೇ ಕೇಳಬೇಕೆಂದಿದ್ದೆ. ಮಗುವಿಗೆ ಮೊದಲ ಆರು ತಿಂಗಳಿಗೆ ಬೇಕಾದ ಕಬ್ಬಿಣದ ಗಂಟು ಬರುವುದು ತಾಯಿಯಿಂದ, ಗರ್ಭದ ಕೊನೆಯ ತಿಂಗಳುಗಳಲ್ಲಿ. ತಾಯಿಗೆ ತೀರಾ ಕಡಿಮೆ ಇದ್ದರೆ ಮಗುವಿನ ಗಂಟೂ ಸಣ್ಣದಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67, ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಒಂದೇ ಮನೆಯ ಅಡುಗೆ, ಒಂದೇ ಕೊರತೆ.

ಎಲ್ಲರೂ ಉಂಡ ಮೇಲೆ ಉಳಿದಿದ್ದನ್ನು ಉಣ್ಣುವುದು, ಉಂಡ ಕೂಡಲೇ ಕಾಫಿ ಕುಡಿಯುವುದು, ಎರಡನ್ನೂ ಬಿಡಿ. ಕಾಫಿಗೆ ಊಟದಿಂದ ಒಂದು ಗಂಟೆ ಆದರೂ ದೂರ ಇರಲಿ. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮುಟ್ಟಿನ ರಕ್ತ ಹೆಚ್ಚು ಹೋಗುವುದಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು, ಆ ತೂತು ಮುಚ್ಚದೆ ಎಷ್ಟು ಐರನ್ ಮಾತ್ರೆ ನುಂಗಿದರೂ ನಿಲ್ಲುವುದಿಲ್ಲ. ದಿನಾ ಮಾತ್ರೆಯಿಂದ ಹೊಟ್ಟೆ ಕೆಟ್ಟರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಅವರನ್ನೇ ಕೇಳಿ, ಹಾಗೆ ತೆಗೆದುಕೊಂಡರೂ ಚೆನ್ನಾಗಿ ಹತ್ತುತ್ತದೆ.

ಮಗನ ನಾಲ್ಕು ವಾರದ ಪರೀಕ್ಷೆಯವರೆಗೆ ಕಾಯಬೇಡಿ. ಈ ವಾರವೇ ನಿಮ್ಮ ರಕ್ತ ಕೊಟ್ಟು ಬನ್ನಿ. ಮಲಗಿದಾಗಲೂ ಉಸಿರು ಕಟ್ಟಿದಂತಾದರೆ, ಕಾಲು ಊದಿದರೆ, ತಲೆ ಸುತ್ತಿ ಬಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.