ಇದು ಕಾಮನ್ ಕ್ರೋ ಚಿಟ್ಟೆಯೋ, ಮಲಬಾರ್ ರೇವನ್ನೋ?

ತೋಡಿನ ಬದಿ
ಎಲ್ಲರಿಗೂ ನಮಸ್ಕಾರ. ನಾನು ಸುಳ್ಯ ಕಡೆಯವನು. ನಮ್ಮ ತೋಟದ ಮೇಲಿನ ಗುಡ್ಡೆ ದಾಟಿದರೆ ದಟ್ಟ ಕಾಡು. ಅಲ್ಲಿ ತೋಡಿನ ಪಕ್ಕದ ಕೇಪಳದ ಹೂವಿಗೆ ಬಂದ ಈ ಚಿಟ್ಟೆಯ ಮೂರ್ನಾಲ್ಕು ಫೋಟೋ ಹಾಕಿದ್ದೇನೆ. ಮೈಯೆಲ್ಲ ಕಂದುಗಪ್ಪು, ರೆಕ್ಕೆಯ ಅಂಚಿಗೆ ಬಿಳಿ ಚುಕ್ಕಿಗಳ ಸಾಲು. ಮೊಬೈಲ್ ಆ್ಯಪ್‌ಗೆ ಹಾಕಿದರೆ ಕಾಮನ್ ಕ್ರೋ ಅಂತ ಬರುತ್ತದೆ. ಆದರೆ ಕ್ರೋ ನಮ್ಮ ಅಂಗಳದ ಕಣಗಿಲೆಗೆ ದಿನಾ ಬರುವ ಚಿಟ್ಟೆ, ಅದು ಹೂವಿನ ಮೇಲೆ ಕೂತರೆ ಆರಾಮಾಗಿ ರೆಕ್ಕೆ ಮಡಚಿ ಕೂರುತ್ತದೆ. ಇದು ಮಾತ್ರ ಹೂವಿನ ರಸ ಹೀರುವಷ್ಟು ಹೊತ್ತೂ ಮುಂದಿನ ರೆಕ್ಕೆಗಳನ್ನು ನಡುಗಿಸುತ್ತಲೇ ಇತ್ತು, ಒಂದು ಕ್ಷಣವೂ ಸುಮ್ಮನೆ ಕೂರಲಿಲ್ಲ. ಮಲಬಾರ್ ರೇವನ್ ಇರಬಹುದಾ? ಬಲ್ಲವರು ಸ್ವಲ್ಪ ನೋಡಿ ಹೇಳಿ.

ಚುಕ್ಕಿರೆಕ್ಕೆ
ರೆಕ್ಕೆ ನಡುಗಿಸುತ್ತಿತ್ತು ಅಂದಿರಲ್ಲ, ಅದೇ ದೊಡ್ಡ ಸುಳಿವು. ಹೂವಿನ ಮೇಲೆ ಹಾಗೆ ಪಟಪಟ ಅನ್ನಿಸುತ್ತಾ ಇರುವುದು ಸ್ವಾಲೋಟೇಲ್ ಕುಟುಂಬದವುಗಳ ಅಭ್ಯಾಸ. ಕ್ರೋ ಆ ಕುಟುಂಬದ್ದಲ್ಲ.

ಬಣ್ಣ ಬಿಡಿ, ಮೊದಲು ಕಾಲು ಎಣಿಸಿ. ಕ್ರೋ ನಾಲ್ಕೇ ಕಾಲಲ್ಲಿ ನಿಲ್ಲುತ್ತದೆ. ಅದರ ಮುಂದಿನ ಜೋಡಿ ಕಾಲು ಕುಗ್ಗಿ ಎದೆಗೆ ಅಂಟಿಕೊಂಡಿರುತ್ತದೆ, ನಿಲ್ಲುವುದಕ್ಕೂ ನಡೆಯುವುದಕ್ಕೂ ಬರುವುದಿಲ್ಲ. ಸ್ವಾಲೋಟೇಲ್‌ಗಳಿಗೆ ಆರೂ ಕಾಲು ಸರಿಯಾಗಿರುತ್ತವೆ. ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದರೆ ಹೂವಿನ ಎಸಳು ಹಿಡಿದಿರುವ ಕಾಲುಗಳು ಕಾಣುತ್ತವೆ. ನನಗೆ ಎಡಗಡೆಗೆ ಮೂರು ಕಂಡವು. ಹಿಂದಿನ ರೆಕ್ಕೆಯ ಒಳ ಅಂಚನ್ನೂ ಗಮನಿಸಿ. ಸ್ವಾಲೋಟೇಲ್‌ಗಳಲ್ಲಿ ಅದು ಒಳಕ್ಕೆ ಬಾಗಿರುತ್ತದೆ, ಹಾಗಾಗಿ ಹೊಟ್ಟೆಯ ಭಾಗ ರೆಕ್ಕೆಯಿಂದ ಹೊರಗೇ ಇರುತ್ತದೆ. ಕ್ರೋದಲ್ಲಿ ರೆಕ್ಕೆ ಹೊಟ್ಟೆಯನ್ನು ತಬ್ಬಿಕೊಂಡ ಹಾಗಿರುತ್ತದೆ. ಹಾಗಾಗಿ ಕ್ರೋ ಅಂತೂ ಅಲ್ಲ.

ಹಸಿರುಗುಡ್ಡೆ
ಕ್ರೋ ಅಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ರೇವನ್ ಅಂತ ತೀರ್ಮಾನ ಮಾಡಬೇಡಿ ಅಣ್ಣಾ. ನಡುವೆ ಕಾಮನ್ ಮೈಮ್ ಇದೆ, ಅದೂ ಸ್ವಾಲೋಟೇಲೇ. ಅದರಲ್ಲಿ ಎರಡು ವೇಷ ಇವೆ. ಒಂದು ಕ್ರೋ ತರಹ ಕಾಣುತ್ತದೆ, ಇನ್ನೊಂದು ಬ್ಲೂ ಟೈಗರ್ ಅನ್ನುವ ಚಿಟ್ಟೆಯ ತರಹ ಗೆರೆಗೆರೆಯಾಗಿ. ಇವೆರಡಕ್ಕೂ ಜೀವಿಗಳಿಗೆ ಹೆಸರಿಡುವ ಪದ್ಧತಿ ತಂದ ವಿಜ್ಞಾನಿ ಲಿನೇಯಸ್ 1758ರಲ್ಲಿ ಕ್ಲಿಟಿಯಾ, ಡಿಸಿಮಿಲಿಸ್ ಅಂತ ಬೇರೆ ಬೇರೆ ಪ್ರಭೇದಗಳಾಗಿ ಹೆಸರಿಟ್ಟಿದ್ದ. ಎರಡೂ ಒಂದೇ ಪ್ರಭೇದದ ರೂಪಗಳು ಅಂತ ಆಮೇಲೆ ಗೊತ್ತಾಯಿತು. ಬರೀ ರೆಕ್ಕೆಯ ಚಿತ್ತಾರ ನಂಬಿ ವಿಂಗಡಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮೈಮ್ ಆದರೆ ಹಿಂದಿನ ರೆಕ್ಕೆಯ ಕೆಳಬದಿಯಲ್ಲಿ, ಹೊರ ಅಂಚಿಗೆ, ಹಳದಿ ಚುಕ್ಕಿಗಳ ಸಾಲು ಎದ್ದು ಕಾಣಲೇಬೇಕು. ರೇವನ್‌ಗೆ ಆ ಹಳದಿ ಇರುವುದಿಲ್ಲ. ಅದರ ಬದಲು ಮುಂದಿನ ರೆಕ್ಕೆಯ ಸೆಲ್ ಒಳಗೆ, ಅಂದರೆ ಬುಡದಿಂದ ನಡುವಿನವರೆಗೆ ನರಗಳು ಸುತ್ತುವರಿದ ಜಾಗ ಇದೆಯಲ್ಲ, ಅದರ ತುದಿಯ ಹತ್ತಿರ ಒಂದು ಚಿಕ್ಕ ಬಿಳಿ ಚುಕ್ಕಿ ಇರುತ್ತದೆ. ನೀವು ಹಾಕಿದ ಫೋಟೋ ಎಲ್ಲವೂ ಮೇಲಿನಿಂದ ತೆಗೆದದ್ದು. ಕೆಳಬದಿ ಕಾಣುವ ಫೋಟೋ ಇದ್ದರೆ ಹಾಕಿ, ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ.

ತೋಡಿನ ಬದಿ
ಇಬ್ಬರಿಗೂ ಥ್ಯಾಂಕ್ಸ್. ಕೆಳಬದಿಯ ಫೋಟೋ ಒಂದಿತ್ತು, ಈಗ ಸೇರಿಸಿದೆ. ಹಳದಿ ಎಲ್ಲೂ ಇಲ್ಲ, ಅಂಚಿನ ಚುಕ್ಕಿಗಳೆಲ್ಲ ಬಿಳಿ. ಮುಂದಿನ ರೆಕ್ಕೆಯಲ್ಲಿ ನೀವು ಹೇಳಿದ ಜಾಗದಲ್ಲೇ ಒಂಟಿ ಚುಕ್ಕಿ ಇದೆ. ಇನ್ನೊಂದು ಪ್ರಶ್ನೆ. ಕ್ರೋಗೂ ಇದಕ್ಕೂ ಇಷ್ಟು ಹೋಲಿಕೆ ಇದ್ದರೂ ಕುಟುಂಬವೇ ಬೇರೆ ಅಂತೀರಲ್ಲ, ಹಾಗಾದರೆ ರೇವನ್‌ನ ನಿಜವಾದ ನೆಂಟರು ಯಾರು?

ಎಲೆಪುಸ್ತಕ
ತಮ್ಮಾ, ಹೊಸ ಫೋಟೋ ನೋಡಿದೆ. ಮಲಬಾರ್ ರೇವನ್ನೇ, ಅನುಮಾನ ಬೇಡ. ವೈಜ್ಞಾನಿಕ ಹೆಸರು ಪ್ಯಾಪಿಲಿಯೊ ಡ್ರಾವಿಡಾರಮ್. ಪಶ್ಚಿಮ ಘಟ್ಟದಲ್ಲಿ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಗೋವಾ ಕಡೆಯಿಂದ ಕೇರಳದವರೆಗಿನ ನೆರಳುಗಾಡಿನಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದ್ದ ವುಡ್-ಮೇಸನ್ 1880ರಲ್ಲಿ ಹೆಸರಿಟ್ಟದ್ದು.

ನೆಂಟರ ವಿಷಯ ಕೇಳಿದ್ದೀರಿ. ಇದರ ಹತ್ತಿರದ ಸಂಬಂಧಿ ಕಾಮನ್ ರೇವನ್, ಪ್ಯಾಪಿಲಿಯೊ ಕ್ಯಾಸ್ಟರ್. ಅದು ಇರುವುದು ಈಶಾನ್ಯ ಭಾರತದಲ್ಲಿ ಮತ್ತು ಅಲ್ಲಿಂದ ಪೂರ್ವಕ್ಕೆ. ಅದರ ಗಂಡಿಗೆ ಹಿಂದಿನ ರೆಕ್ಕೆಯ ಮೇಲೆ ದೊಡ್ಡ ಬಿಳಿ ಪಟ್ಟೆ ಇರುತ್ತದೆ, ಯಾರೂ ಅದನ್ನು ಕ್ರೋ ಅನ್ನುವುದಿಲ್ಲ. ನಮ್ಮ ರೇವನ್‌ನಲ್ಲಿ ಮಾತ್ರ ಗಂಡು ಹೆಣ್ಣು ಎರಡೂ ಕ್ರೋ ವೇಷದಲ್ಲೇ ಇರುತ್ತವೆ. ಕಾರಣ ಸುಲಭ. ಕ್ರೋ ಚಿಟ್ಟೆಯ ಮರಿಹುಳು ಕಣಗಿಲೆ, ಅತ್ತಿ, ನಾಮದ ಬೇರು ಇಂಥ ಹಾಲು ಬರುವ ಗಿಡಗಳ ಎಲೆ ತಿಂದು ಬೆಳೆಯುತ್ತದೆ, ಚಿಟ್ಟೆಯ ಮೈಯೂ ಹಕ್ಕಿಗಳಿಗೆ ರುಚಿಸುವುದಿಲ್ಲ. ಹಿಡಿದರೆ ಸತ್ತ ಹಾಗೆ ಬಿದ್ದುಕೊಂಡು ಕೆಟ್ಟ ವಾಸನೆಯನ್ನೂ ಬಿಡುತ್ತದೆ. ಒಮ್ಮೆ ತಿಂದ ಹಕ್ಕಿ ಆ ಬಣ್ಣದ ತಂಟೆಗೇ ಮತ್ತೆ ಹೋಗುವುದಿಲ್ಲ. ರೇವನ್‌ಗೆ ಅಂಥ ವಿಷ ಇಲ್ಲ, ಕ್ರೋ ಹಾಗೆ ಕಾಣುವುದರಿಂದಲೇ ಬಚಾವಾಗುತ್ತದೆ. ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಇದೇ ತರಹದ ಅನುಕರಣೆಯನ್ನು ಬೇಟ್ಸ್ ಎಂಬಾತ 1862ರಲ್ಲಿ ವಿವರಿಸಿದ್ದ.

ರೇವನ್ ಹುಳು ತಿನ್ನುವುದು ಗ್ಲೈಕೋಸ್ಮಿಸ್ ಗಿಡವನ್ನು. ಅದು ನಿಂಬೆ ಕುಟುಂಬದ್ದು, ಕಾಡಿನ ಮರಗಳಡಿ ಪೊದೆಯಾಗಿ ಬೆಳೆಯುತ್ತದೆ, ಗುಲಾಬಿ ಬಣ್ಣದ ಚಿಕ್ಕ ಹಣ್ಣು ಬಿಡುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಎಣ್ಣೆ ಚುಕ್ಕಿಗಳು ಕಾಣುತ್ತವೆ. ಮೈಮ್ ಹುಳು ಇದಕ್ಕೆ ಬರುವುದಿಲ್ಲ, ಅದಕ್ಕೆ ದಾಲ್ಚಿನ್ನಿ ಜಾತಿಯ ಗಿಡ ಬೇಕು. ಆದ್ದರಿಂದ ಹೆಣ್ಣು ಚಿಟ್ಟೆ ಯಾವ ಗಿಡಕ್ಕೆ ಮೊಟ್ಟೆ ಇಡುತ್ತದೆ ಅಂತ ಒಮ್ಮೆ ನೋಡಿಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಚುಕ್ಕಿರೆಕ್ಕೆ
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ದಯವಿಟ್ಟು ಯಾರೂ ಗುರುತು ಖಚಿತ ಮಾಡಲು ಅಂತ ಬಲೆ ಹಾಕಿ ಹಿಡಿಯಬೇಡಿ. ಕ್ರೋ, ಮೈಮ್, ರೇವನ್ ಈ ಮೂರನ್ನು ಗುರುತಿಸಲು ಒಳ್ಳೆಯ ಫೋಟೋ ಸಾಕು. ದಾಖಲೆ ಹಾಕುವಾಗ ತಾರೀಕು, ತಾಲೂಕು, ಮೇಲೆ ಕೆಳಗೆ ಎರಡೂ ಬದಿಯ ಚಿತ್ರ, ಯಾವ ಹೂವಿನ ಮೇಲಿತ್ತು ಅನ್ನುವುದು, ಇಷ್ಟು ಬರೆಯಿರಿ. ತೋಡಿನ ನಿಖರ ಜಾಗ ಮಾತ್ರ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ.

ತೋಡಿನ ಬದಿ
ಸರಿ, ಹಾಗೇ ಮಾಡುತ್ತೇನೆ. ಗ್ಲೈಕೋಸ್ಮಿಸ್ ಅಂದರೆ ಯಾವುದು ಅಂತ ಈಗ ಅಂದಾಜಾಯಿತು ಅಕ್ಕಾ, ತೋಡಿನ ಆಚೆ ಬದಿಯಲ್ಲಿ ಆ ಪೊದೆ ಜಾಸ್ತಿ ಇದೆ. ಪ್ರತಿ ವರ್ಷ ಹಟ್ಟಿಗೆ ಸೊಪ್ಪು ತರುವಾಗ ಅದನ್ನೂ ಸೇರಿಸಿ ಸವರುತ್ತೇವೆ. ಈ ಸಲ ಆ ಬದಿ ಬಿಡಲು ಮನೆಯಲ್ಲಿ ಹೇಳುತ್ತೇನೆ. ಎಲೆ ಮೇಲೆ ಹುಳು ಸಿಕ್ಕಿದರೆ ಫೋಟೋ ಇಲ್ಲೇ ಹಾಕುತ್ತೇನೆ. ಹುಳುವಿನಲ್ಲಿ ಏನು ನೋಡಬೇಕು?

ಎಲೆಪುಸ್ತಕ
ಮುಟ್ಟದೆ, ಕಡ್ಡಿಯಿಂದ ಎಲೆಯನ್ನು ಮೆಲ್ಲಗೆ ಅಲುಗಿಸಿ. ಸ್ವಾಲೋಟೇಲ್ ಹುಳುವಾದರೆ ತಲೆಯ ಹಿಂದಿನಿಂದ ಕವಲೊಡೆದ ಮೆದು ಕೊಂಬು ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಕ್ರೋ ಹುಳುವಿಗೆ ಆ ಕೊಂಬಿಲ್ಲ, ಬದಲಿಗೆ ಬೆನ್ನ ಮೇಲೆ ನಾಲ್ಕು ಜೊತೆ ಉದ್ದನೆಯ ಎಳೆಗಳಿರುತ್ತವೆ. ಹುಳುವಿನ ಜೊತೆಗೆ ಗಿಡದ ಎಲೆ, ಹಣ್ಣಿನ ಫೋಟೋವನ್ನೂ ಹಾಕಿ.